ಚಿತ್ರದ ಅಂಗಗಳೂ ರಚನೆಯ ಧರ್ಮವೂ



ಚಿತ್ರವನ್ನು ಕುರಿತು ಬಾನುಲಿಯಲ್ಲಿ ಮಾತನಾಡಹೊರಟವನಿಗೆ ಒಂದು ತೊಡಕುಂಟು. ಹೇಳುವ ವಸ್ತುವನ್ನು ಅವನು ಕೇಳುವವರ ಕಣ್ಣ ಮುಂದೆ ಇರಿಸಲಾರನು. ಆದುದರಿಂದ ಈ ಹೊತ್ತಿನ ಮಾತಿಗೆ ತಾವೆಲ್ಲರೂ ಬಲ್ಲ, ಅಥವಾ ಒಮ್ಮೆಯಾದರೂ ಕಂಡಿರಬಹುದಾದ, ನಮ್ಮ ನಾಡಿನ ಕೆಲವೇ ವಸ್ತುಗಳನ್ನು ಆರಿಸಿಕೊಂಡಿದ್ದೇನೆ. ಹೊಸಿಲ ಮುಂದಣ ರಂಗವಲ್ಲಿ ಒಂದು. ಸೋಮನಾಥಪುರದ ಕೇಶವ ದೇವಾಲಯ ಮತ್ತೊಂದು. ಶ್ರವಣಬೆಳಗೊಳದ ಗೊಮ್ಮಟ ಇನ್ನೊಂದು.

ನಾನು ಹೇಳಬೇಕೆಂದಿರುವ ಸಂಗತಿಯೂ ಒಂದೇ. ಕಲೆಗೆ ಬೇಕಾದ ಸಾಮಗ್ರಿ ಬಹಳ ಅಲ್ಪ: ಚುಕ್ಕಿ, ಗೆರೆ, ಆಕೃತಿ, ಘನ, ತೆರಪು, ಮೇಲ್ಮೈಯ ನಯ ಒರಟು, ಬೆಳಕು ನೆರಳು, ಬಣ್ಣ. ಜಗತ್ತಿನ ಯಾವ ಚಿತ್ರಕಾರನಿಗೂ ಯಾವ ಶಿಲ್ಪಿಗೂ ಇದಕ್ಕಿಂತ ಹೆಚ್ಚಿನ ಬಂಡವಾಳವಿಲ್ಲ. ಇವುಗಳಲ್ಲಿ ಒಂದೊಂದನ್ನೇ ಬೇರ್ಪಡಿಸಿ ನೋಡಿದರೆ ಅದು ಸುಂದರವೂ ಅಲ್ಲ, ಕುರೂಪವೂ ಅಲ್ಲ. ಒಂದು ಗೆರೆ ಮತ್ತೊಂದರಿಂದ ಎಷ್ಟು ದೂರದಲ್ಲಿ ನಿಂತಿತು, ಒಂದು ಬೆಳಕು ಎಂಥ ನೆರಳಿನ ಪಕ್ಕದಲ್ಲಿ ಬಿದ್ದಿತು, ಒಂದು ತುಂಬಿದ ಎಡೆಯ ಬಳಿ ಎಷ್ಟು ಬರಿದಾದ ಎಡೆ ಉಳಿಯಿತು ಎಂಬ ಪರಸ್ಪರ ಸಂಬಂಧದಿಂದಲೇ ಸೌಂದರ್ಯವು ಉದಿಸುತ್ತದೆ. ಆ ಸಂಬಂಧವನ್ನು ಏರ್ಪಡಿಸುವ ವಿವೇಕವೇ ರಚನೆ.

ಈ ವಿಚಾರವು ನಮಗೆ ಹೊರಗಿನಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವೊಂದಿದೆ. ಅಲ್ಲಿ ವಜ್ರನೆಂಬ ರಾಜನು ದೇವತಾಪ್ರತಿಮೆಗಳ ಲಕ್ಷಣವನ್ನು ಅರಿಯಬಯಸಿ ಮಾರ್ಕಂಡೇಯ ಮುನಿಯನ್ನು ಪ್ರಶ್ನಿಸಲು, ಮುನಿಯು ಚಿತ್ರವನ್ನು ತಿಳಿಯದವನಿಗೆ ಪ್ರತಿಮೆ ತಿಳಿಯದೆಂದೂ, ನೃತ್ತವನ್ನು ತಿಳಿಯದವನಿಗೆ ಚಿತ್ರ ತಿಳಿಯದೆಂದೂ, ವಾದ್ಯವಿಲ್ಲದೆ ನೃತ್ತವೂ ಗೀತವಿಲ್ಲದೆ ವಾದ್ಯವೂ ಕೈಗೂಡವೆಂದೂ ವಿವರಿಸಿ, ಕಲ್ಲಿನ ವಿಗ್ರಹವನ್ನು ಕೇಳಬಂದವನನ್ನು ಕಡೆಗೆ ಹಾಡಿನ ಬಾಗಿಲಿಗೆ ಕರೆದೊಯ್ಯುತ್ತಾನೆ. ಕಣ್ಣಿನ ಕಲೆಗೂ ಕಿವಿಯ ಕಲೆಗೂ ಒಂದೇ ಲಯ ಆಧಾರವೆಂಬುದು ಅವನ ಅಭಿಪ್ರಾಯ. ಬಾನುಲಿಯಲ್ಲಿ ಚಿತ್ರದ ಮಾತನಾಡುವ ನನಗೆ ಇದು ದೊಡ್ಡ ಧೈರ್ಯ. ಕಾಮಸೂತ್ರದ ಮೇಲೆ ಯಶೋಧರನು ಬರೆದ ಜಯಮಂಗಳಾ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಇನ್ನು ನಮ್ಮ ನಾಡಿನವನೇ ಆದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗೋಡೆಯನ್ನು ಹದಗೊಳಿಸುವುದರಿಂದ ಮೊದಲ್ಗೊಂಡು ಬಣ್ಣ ತುಂಬುವವರೆಗೆ ಚಿತ್ರಕರ್ಮವೆಲ್ಲವೂ ಕ್ರಮವಾಗಿ ನಿರೂಪಿತವಾಗಿದೆ. ಅವನು ಹೆಸರಿಸುವ ಚಿತ್ರಭೇದಗಳಲ್ಲಿ ಧೂಳಿಚಿತ್ರವೂ ಒಂದು. ಪುಡಿಯಿಂದ ಬರೆಯುವ ಚಿತ್ರವೆಂದರೆ ನಮ್ಮ ರಂಗವಲ್ಲಿಯ ಜಾತಿಯದೇ. ಅಲ್ಲಿಂದಲೇ ಪ್ರಾರಂಭಿಸೋಣ.

ತಮ್ಮ ಬಳಿ ಸ್ಲೇಟು ಬಳಪವಿದ್ದರೆ ಕೈಗೆತ್ತಿಕೊಳ್ಳಬಹುದು. ಇಲ್ಲವಾದರೆ ಮನಸ್ಸಿನಲ್ಲಿಯೇ ಬರೆದರೂ ಸಾಕು. ಏಳರಿಂದ ನಾಲ್ಕರವರೆಗೆ ಸಂದುಚುಕ್ಕಿ ಎಂದು ಮನೆಯ ಹೆಂಗಸರು ಹೇಳುವ ಲೆಕ್ಕವನ್ನು ತೆಗೆದುಕೊಳ್ಳಿ. ನಡುವಣ ಸಾಲಿನಲ್ಲಿ ೭ ಚುಕ್ಕಿ. ಅದರ ಮೇಲೆ, ಎರಡೆರಡು ಚುಕ್ಕಿಗಳ ಸಂದಿಗೆ ಸರಿಯಾಗಿ, ೬ ಚುಕ್ಕಿ. ಅದರ ಮೇಲೆ ಹಾಗೆಯೇ ೫, ಅದರ ಮೇಲೆ ೪. ಕೆಳಗೂ ಅದೇ ಕ್ರಮ. ಒಟ್ಟು ೩೭ ಚುಕ್ಕಿಗಳಾದುವು. ಈವರೆಗೆ ಒಂದು ಗೆರೆಯನ್ನೂ ಎಳೆದಿಲ್ಲ. ಆದರೂ ಕಣ್ಣು ಆಗಲೇ ಆರು ಮೂಲೆಯ ಒಂದು ಆಕೃತಿಯನ್ನು ಗುರುತಿಸಿಬಿಟ್ಟಿದೆ. ಅದೇ ಚುಕ್ಕಿಗಳನ್ನು ಸಂದಿಗೆ ಸರಿಸದೆ ಒಂದರ ಮೇಲೊಂದು ನೇರವಾಗಿ ಇಟ್ಟಿದ್ದರೆ ನಾಲ್ಕು ಮೂಲೆಯ ಮನೆಗಳು ತೋರುತ್ತಿದ್ದುವು. ಮನಬಂದಂತೆ ಚೆಲ್ಲಿದ್ದರೆ ಏನೂ ತೋರುತ್ತಿರಲಿಲ್ಲ. ಚುಕ್ಕಿಯಲ್ಲಿ ವ್ಯತ್ಯಾಸವಿಲ್ಲ, ಪುಡಿಯಲ್ಲಿ ವ್ಯತ್ಯಾಸವಿಲ್ಲ, ಲೆಕ್ಕದಲ್ಲಿಯೂ ವ್ಯತ್ಯಾಸವಿಲ್ಲ. ಒಂದು ಚುಕ್ಕಿಗೂ ಮತ್ತೊಂದಕ್ಕೂ ಇರುವ ಅಂತರ ಮಾತ್ರ ಬೇರೆಯಾಯಿತು, ಅಷ್ಟರಿಂದಲೇ ಆಕೃತಿಯೂ ಬೇರೆಯಾಯಿತು.

ಇನ್ನು ಗೆರೆ. ಸಗಣಿಯಿಂದ ಸಾರಿಸಿ ಆರಿದ ನೆಲದ ಮೇಲೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಪುಡಿಯನ್ನು ಹಿಡಿದು ಎಳೆ ಬಿಡುವ ಕೈಯನ್ನು ತಾವು ಗಮನಿಸಿ ನೋಡಿರಬೇಕು. ಕೈ ನಿಧಾನಿಸಿದೆಡೆ ಎಳೆ ದಪ್ಪವಾಗುತ್ತದೆ, ಅಳುಕಿದೆಡೆ ಒಡೆಯುತ್ತದೆ, ಮನಸ್ಸಿನಲ್ಲಿ ಮುಂದಿನ ತಿರುವು ಮೊದಲೇ ನಿಶ್ಚಯವಾಗಿದ್ದರೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಹರಿಯುತ್ತದೆ. ಗೆರೆಯೆಂಬುದು ಚಲಿಸಿದ ಕೈಯ ದಾಖಲೆ. ನೋಡುವವನ ಕಣ್ಣೂ ಆ ಕೈ ಹೋದ ಹಾದಿಯಲ್ಲೇ, ಅದೇ ವೇಗದಲ್ಲಿ, ಹೋಗಿಬರುತ್ತದೆ. ಅಡ್ಡಗೆರೆಯ ಮೇಲೆ ಕಣ್ಣು ವಿಶ್ರಮಿಸುತ್ತದೆ, ನಿಲುಗೆರೆಯೊಡನೆ ಎದ್ದು ನಿಲ್ಲುತ್ತದೆ, ಓರೆಗೆರೆಯೊಡನೆ ಓಡುತ್ತದೆ, ಬಳ್ಳಿಯಂತೆ ಬಾಗಿದ ಗೆರೆಯೊಡನೆ ತೇಲುತ್ತದೆ. ಚುಕ್ಕಿಗಳನ್ನು ಮುಟ್ಟದೆ ಒಂದೊಂದನ್ನೂ ಸುತ್ತಿಬಳಸಿ, ಹೊರಟೆಡೆಗೇ ಮರಳಿ ಬಂದು ಸೇರುವ ಎಳೆಯ ರಂಗವಲ್ಲಿಯಲ್ಲಿ ಮೊದಲೆಲ್ಲಿ ಕೊನೆಯೆಲ್ಲಿ ಎಂದು ಹೇಳಬರುವುದಿಲ್ಲ. ಚುಕ್ಕಿಗಳು ಅಲ್ಲಿ ಕೇವಲ ಆಧಾರ, ಎಳೆಯೇ ಸರ್ವಸ್ವ.

ಆ ಎಳೆಗಳ ನಡುವೆ ಉಳಿದುಬಿಟ್ಟ ಬರಿಯ ನೆಲವನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದೇ ನನ್ನ ಬಿನ್ನಹ. ಎರಡು ಬಿಳಿಯ ಎಳೆಗಳ ನಡುವೆ ಉಳಿದ ಹಸುರುಗಪ್ಪಿನ ನೆಲಕ್ಕೂ ಒಂದು ಆಕೃತಿಯುಂಟು. ಎಲೆಯಂತೆಯೋ ಎಸಳಿನಂತೆಯೋ ಅದೂ ಕಾಣುತ್ತದೆ. ನುರಿತವಳು ಎಳೆಯನ್ನು ಎಳೆಯುವಾಗ ನೆಲವನ್ನೂ ಕೊರೆಯುತ್ತಿರುತ್ತಾಳೆ. ಹಬ್ಬದ ದಿನ ಉತ್ಸಾಹ ಹೆಚ್ಚಿ ಮೂಲೆಮೂಲೆಗೂ ಹೂವು ಬಳ್ಳಿಗಳನ್ನು ತುಂಬಿದ ರಂಗವಲ್ಲಿಗಿಂತ ದಿನನಿತ್ಯದ ನಾಲ್ಕೆಳೆಯ ಪದ್ಮವು ಎಷ್ಟೋ ವೇಳೆ ಕಣ್ಣಿಗೆ ಹಿತವಾಗಿರುವುದುಂಟು. ಅಲ್ಲಿ ತೆರಪಿಗೆ ಮರ್ಯಾದೆ ಉಳಿದಿರುತ್ತದೆ.

ಇದುವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಚುಕ್ಕಿಯಿಂದ ಆಕೃತಿಯ ಸೂಚನೆ ಬಂತು. ಗೆರೆಯಿಂದ ಚಲನೆ ಬಂತು. ತೆರಪಿನಿಂದ ಅವೆರಡಕ್ಕೂ ಉಸಿರು ಬಂತು. ಇವೆಲ್ಲ ನೆಲದ ಮೇಲೆ ಹರಡಿದ ಸಂಗತಿಗಳು. ಇನ್ನು ಇವು ಎದ್ದು ನಿಂತು ಗೋಡೆಯಾದರೆ ಏನಾಗುತ್ತದೆಂಬುದನ್ನು ಸೋಮನಾಥಪುರದಲ್ಲಿ ನೋಡೋಣ.

ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, ಎಂದರೆ ೧೩ನೆಯ ಶತಮಾನದ ಉತ್ತರಾರ್ಧದಲ್ಲಿ, ಅವನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಈ ದೇವಾಲಯವು ಮೈಸೂರಿಗೆ ೨೦ ಮೈಲಿಗೆ ತುಸು ಮಿಕ್ಕ ದೂರದಲ್ಲಿದೆ. ಕೇಶವ, ಜನಾರ್ದನ, ವೇಣುಗೋಪಾಲರಿಗೆ ಮೂರು ಗರ್ಭಗೃಹಗಳು. ಮೂರಕ್ಕೂ ಸೇರಿ ಒಂದು ನವರಂಗ. ಗುಡಿಯು ಎದೆಮಟ್ಟಕ್ಕಿಂತ ಕೆಳಗಿನ ಒಂದು ಜಗತಿಯ ಮೇಲೆ ನಿಂತಿದೆ. ಗರ್ಭಗೃಹಗಳ ಹೊರಗೋಡೆ ಚಪ್ಪಟೆಯಾಗಿಲ್ಲ. ಚೌಕವೊಂದನ್ನು ಒಂದು ನಡುಬಿಂದುವಿನ ಸುತ್ತ ತಿರುತಿರುಗಿಸಿ ಅದರ ಮೂಲೆಗಳನ್ನೆಲ್ಲ ಹೊರಕ್ಕೆ ಉಳಿಸಿಕೊಂಡರೆ ಹೇಗೋ ಹಾಗೆ, ನಕ್ಷತ್ರಾಕಾರದಲ್ಲಿ, ಮೂಲೆ ಮುಂದೆ ಬಂದು ಸಂದಿ ಹಿಂದೆ ಸರಿದು, ಮತ್ತೆ ಮೂಲೆ ಮತ್ತೆ ಸಂದಿಯಾಗಿ ಸಾಗುತ್ತದೆ. ಜಗತಿಯೂ ಅದೇ ಮೂಲೆಗಳನ್ನು ಅನುಸರಿಸುತ್ತದೆ.

ಹೊಯ್ಸಳ ಶಿಲ್ಪವನ್ನು ಹೊಗಳುವವರು ಸಾಮಾನ್ಯವಾಗಿ ಅದರ ಸೂಕ್ಷ್ಮವಾದ ಕೆತ್ತನೆಯನ್ನು ಹೊಗಳುತ್ತಾರೆ. ಬೆರಳ ತುದಿಯಷ್ಟು ಎಡೆಯಲ್ಲಿ ಇಷ್ಟೊಂದು ಮಣಿಗಳೇ ಎಂದು ಬೆರಗಾಗುತ್ತಾರೆ. ಆ ಬೆರಗು ನ್ಯಾಯವಾದುದೇ. ಆದರೆ ಕೆತ್ತನೆಯ ಸೂಕ್ಷ್ಮತೆ ಕುಶಲತೆಯ ಮಾತು, ಕುಶಲತೆಯಷ್ಟೇ ಇದ್ದಿದ್ದರೆ ಈ ಗುಡಿ ಒಂದು ದೊಡ್ಡ ಒಡವೆಯಂತೆ ಇರುತ್ತಿತ್ತು. ಅದನ್ನು ಮಹಾಕೃತಿಯನ್ನಾಗಿ ಮಾಡಿರುವುದು ಸೂಕ್ಷ್ಮವಾದುದನ್ನೆಲ್ಲ ಹಿಡಿದು ನಿಲ್ಲಿಸಿರುವ ವ್ಯವಸ್ಥೆ. ಅದನ್ನು ಬುಡದಿಂದ ನೋಡುತ್ತ ಹೋಗೋಣ. ಗೋಡೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಆರು ಅಡ್ಡಪಟ್ಟಿಗಳಿವೆ. ಎಲ್ಲಕ್ಕೂ ಕೆಳಗೆ ಆನೆಗಳ ಸಾಲು. ಅದರ ಮೇಲೆ ಕುದುರೆ ಸವಾರರು. ಅದರ ಮೇಲೆ ಸುರುಳಿ ಸುರುಳಿಯಾಗಿ ಹಬ್ಬಿದ ಬಳ್ಳಿ. ನಾಲ್ಕನೆಯದರಲ್ಲಿ ಪುರಾಣಕಥೆಗಳು. ಐದನೆಯದು ಮಕರಪಂಕ್ತಿ. ಆರನೆಯದು ಹಂಸಪಂಕ್ತಿ.

ಈ ಕ್ರಮದಲ್ಲಿರುವ ವಿವೇಕವನ್ನು ಗಮನಿಸಬೇಕು. ಭಾರವನ್ನು ಹೊರತಕ್ಕ ಪ್ರಾಣಿ ಬುಡದಲ್ಲಿದೆ, ಹಾರತಕ್ಕ ಪಕ್ಷಿ ಮೇಲಿದೆ. ಆನೆಯ ನಡೆ ವಿಲಂಬಿತ. ದುಂಡು ಬೆನ್ನು, ಇಳಿದ ಸೊಂಡಿಲು, ಮತ್ತೆ ದುಂಡು ಬೆನ್ನು. ಅದರ ಮೇಲೆ ಕುದುರೆಗಳ ಓಟದಲ್ಲಿ ಕಾಲ ದ್ರುತವಾಗುತ್ತದೆ. ಬಳ್ಳಿಯ ಪಟ್ಟಿಯಲ್ಲಿ ಪ್ರಾಣಿಯೂ ಇಲ್ಲ, ಮನುಷ್ಯನೂ ಇಲ್ಲ, ಕಣ್ಣಿಗೆ ವಿರಾಮ. ಹೀಗೆ ವಿರಮಿಸಿದ ಕಣ್ಣು ಕಥೆಯ ಪಟ್ಟಿಗೆ ಏರಿದಾಗ ಅಲ್ಲಿ ಪುನರಾವೃತ್ತಿಯ ನಿಯಮ ಸಡಿಲವಾಗುತ್ತದೆ. ಒಂದೆಡೆ ಯುದ್ಧ, ಒಂದೆಡೆ ಓಲಗ, ಒಂದೆಡೆ ಕಾಡು. ಅನಂತರ ಮಕರ ಹಂಸಗಳು ಬಂದು ತಾಳವನ್ನು ಮತ್ತೆ ಹಿಡಿಯುತ್ತವೆ. ಆನೆಗಳು ಸಾಲಾಗಿ ಒಂದೇ ಬಗೆಯಲ್ಲಿ ಕಂಡರೂ ಹತ್ತಿರ ಹೋಗಿ ನೋಡಿದವರಿಗೆ ಒಂದು ಸೊಂಡಿಲೆತ್ತಿರುವುದೂ, ಒಂದು ಮುಂದಿನದರ ಬಾಲವನ್ನು ತಡಕುತ್ತಿರುವುದೂ ಕಾಣುತ್ತದೆ. ದೂರದಿಂದ ಏಕರೂಪ, ಸಮೀಪದಿಂದ ವೈವಿಧ್ಯ. ಲಯವೆಂದರೆ ಇದೇ. ಬರಿಯ ಪುನರಾವೃತ್ತಿ ಬೇಸರವನ್ನು ತರುತ್ತದೆ, ಬರಿಯ ವೈವಿಧ್ಯ ಗೊಂದಲವನ್ನು ತರುತ್ತದೆ. ನಿಯತವಾದ ತಾಳದೊಳಗೆ ಅನಿಯತವಾದ ಚಲನೆಯನ್ನು ಇಟ್ಟವನು ಕಲಾವಿದ. ಮಾರ್ಕಂಡೇಯನು ರಾಜನನ್ನು ಹಾಡಿನ ಬಳಿಗೆ ಏತಕ್ಕೆ ಕರೆದೊಯ್ದನೆಂಬುದು ಈ ಗೋಡೆಯ ಮುಂದೆ ನಿಂತಾಗ ತಿಳಿಯುತ್ತದೆ.

ಇಷ್ಟೇ ಆಗಿದ್ದರೆ ಆರು ಪಟ್ಟಿಗಳು ಗುಡಿಗೆ ಸುತ್ತಿದ ಆರು ದಾರಗಳಂತೆ ಉದ್ದಕ್ಕೆ ಹರಿದುಹೋಗುತ್ತಿದ್ದುವು. ನಕ್ಷತ್ರದ ಮೂಲೆಗಳು ಹಾಗಾಗಗೊಡುವುದಿಲ್ಲ. ಅಡ್ಡಪಟ್ಟಿಯು ಪ್ರತಿಯೊಂದು ಮೂಲೆಯಲ್ಲಿಯೂ ಮಡಿಯುತ್ತದೆ, ಪ್ರತಿಯೊಂದು ಸಂದಿಯಲ್ಲಿಯೂ ನೆರಳಿಗೆ ಇಳಿಯುತ್ತದೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ಪ್ರದಕ್ಷಿಣೆ ಬಂದರೆ ಮೂಲೆಯ ಒಂದು ಮುಖ ಬೆಳ್ಳಗೆ, ಮತ್ತೊಂದು ಮುಖ ಕಪ್ಪಗೆ, ಹೀಗೆ ನೆಟ್ಟನೆಯ ಬೆಳಕುನೆರಳಿನ ಪಟ್ಟೆಗಳು ಜಗತಿಯಿಂದ ಶಿಖರದವರೆಗೆ ಏರಿಹೋಗುವುದು ಕಾಣುತ್ತದೆ. ಅಡ್ಡಗೆರೆಗಳು ಗುಡಿಯನ್ನು ಭೂಮಿಗೆ ಕಟ್ಟಿದರೆ ನಿಲುಗೆರೆಗಳು ಅದನ್ನು ಮೇಲಕ್ಕೆ ಎತ್ತುತ್ತವೆ. ಎರಡೂ ಸರಿಸಮನಾಗಿ ಎಳೆಯುವುದರಿಂದಲೇ ಅಷ್ಟೊಂದು ಕೆತ್ತನೆಯ ನಡುವೆಯೂ ಕಟ್ಟಡ ಅಲುಗದೆ ನಿಂತಂತೆ ತೋರುತ್ತದೆ. ನಡುಹಗಲಿನಲ್ಲಿ ನೋಡಿದವರಿಗೆ ಇದರ ಅರ್ಧಭಾಗವೂ ಕಾಣದು. ಶಿಲ್ಪಿಯ ಉಳಿ ಕೆತ್ತಿದ್ದು ಕಲ್ಲನ್ನು. ಆದರೆ ಅವನು ರಚಿಸಿದ್ದು ನೆರಳನ್ನು.

ಪಟ್ಟಿಗಳ ಮೇಲೆ, ಎಲೆಬಳ್ಳಿಗಳ ತೋರಣದಡಿಯಲ್ಲಿ, ಸುಮಾರು ೨೦೦ ದೊಡ್ಡ ವಿಗ್ರಹಗಳು ನಿಂತಿವೆ. ಅನೇಕ ವಿಗ್ರಹಗಳ ಪೀಠದಲ್ಲಿ ರೂವಾರಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ಮಲ್ಲಿತಮ್ಮನ ಹೆಸರು ಸುಮಾರು ೪೦ ಕಡೆ ಇದೆ. ಬಾಲೆಯ, ಚೌಡೆಯ ಮೊದಲಾದವರ ಹೆಸರುಗಳೂ ಇವೆ. ಇಷ್ಟು ಕೈಗಳು ದುಡಿದಿದ್ದರೂ ಗುಡಿ ಒಂದೇ ಕೈಯ ಕೆಲಸದಂತೆ ತೋರುವುದು ಹೇಗೆ? ಪ್ರತಿಯೊಬ್ಬನ ಸ್ವಾತಂತ್ರ್ಯಕ್ಕೂ ಎಲ್ಲೆ ಮೊದಲೇ ಗೊತ್ತಾಗಿತ್ತು. ಇಷ್ಟು ಎತ್ತರ, ಇಷ್ಟು ಅಗಲ, ಮೇಲೆ ತೋರಣ, ಕೆಳಗೆ ಪೀಠ. ಅದರೊಳಗೆ ಮಲ್ಲಿತಮ್ಮನು ಮಲ್ಲಿತಮ್ಮನಾಗಿಯೇ ಇರಬಹುದಾಗಿತ್ತು. ಐಕ್ಯವೆಂಬ ಧರ್ಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ಒಂದು ಮಾತನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ಒಂದೊಂದೇ ವಿಗ್ರಹವನ್ನು ಬಿಡಿಸಿ ನೋಡಿದರೆ ಸೋಮನಾಥಪುರದ ಕೆಲವು ಮೂರ್ತಿಗಳು ಗಿಡ್ಡಾಗಿಯೂ ಆಭರಣಭಾರದಿಂದ ಕುಗ್ಗಿದಂತೆಯೂ ತೋರುತ್ತವೆ. ಬೇಲೂರಿನಲ್ಲಿ, ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರ ನಿಲುವಿನ ಹಗುರ ಇಲ್ಲಿ ಬರಲಿಲ್ಲ. ಒಂದು ಕಾಲಿನ ಮೇಲೆ ಭಾರವನ್ನು ಹಾಕಿ, ಸೊಂಟವನ್ನು ಒಂದು ಕಡೆಗೂ ತಲೆಯನ್ನು ಇನ್ನೊಂದು ಕಡೆಗೂ ಬಾಗಿಸಿ, ಎಡಬಲಗಳು ಸಮವಿಲ್ಲದಿದ್ದರೂ ತೂಕ ತಪ್ಪದಂತೆ ನಿಂತ ಆ ಹೆಣ್ಣುಗಳು ಸಮತೋಲವೆಂಬುದು ಎಡಬಲದ ಸಮಾನತೆಯೇ ಆಗಬೇಕಾಗಿಲ್ಲವೆಂಬುದನ್ನು ತೋರಿಸಿಕೊಡುತ್ತಾರೆ.

ಈಗ ಮುಂದಿನ ವಿಷಯಕ್ಕೆ ಹೋಗುವ ಮುನ್ನ ಮತ್ತೊಮ್ಮೆ ಜ್ಞಾಪಿಸಿಕೊಳ್ಳೋಣ. ಸೋಮನಾಥಪುರದಲ್ಲಿ ಲಯವನ್ನು ಕಂಡೆವು, ಬೆಳಕುನೆರಳನ್ನು ಕಂಡೆವು, ಬಹುಜನರ ಕೆಲಸದಲ್ಲಿ ಐಕ್ಯವನ್ನು ಕಂಡೆವು. ಅಲ್ಲಿ ಎಲ್ಲವೂ ತುಂಬಿದ ಗೋಡೆ. ತುಂಬದ ಕಲ್ಲಿನಿಂದ ಏನಾಗುತ್ತದೆ?

ಅದಕ್ಕಾಗಿ ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನು ಹತ್ತಬೇಕು. ಗಂಗರ ಮಂತ್ರಿಯಾದ ಚಾವುಂಡರಾಯನು ೧೦ನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಡಿಸಿದ ಗೊಮ್ಮಟಮೂರ್ತಿ ೬೦ ಅಡಿಗೆ ತುಸು ಕಡಿಮೆ ಎತ್ತರವಿದೆ. ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡೆದು ಮಾಡಿದ ಮೂರ್ತಿಯದು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವ ಜಾತಿಯದು. ಮಣಿ, ಬಳೆ, ಕೂದಲಿನ ಎಳೆಯನ್ನು ಕೂಡ ಅದು ಒಪ್ಪಿಕೊಳ್ಳುತ್ತದೆ. ಈ ಬೆಟ್ಟದ ಕಣಶಿಲೆ ಹಾಗಲ್ಲ, ಉಳಿಗೆ ಎದುರು ನಿಲ್ಲುತ್ತದೆ, ಸಣ್ಣ ಕುಸುರಿಯನ್ನು ಉಳಿಸಿಕೊಳ್ಳುವುದಿಲ್ಲ. ಗೊಮ್ಮಟನನ್ನು ಕಡೆದವನು ಕಲ್ಲಿನ ಈ ಸ್ವಭಾವದೊಡನೆ ಜಗಳವಾಡಲಿಲ್ಲ. ವಿಶಾಲವಾದ ಎದೆ, ನೇರವಾಗಿ ಇಳಿಬಿದ್ದ ತೋಳು, ಆಭರಣವಿಲ್ಲ, ವಸ್ತ್ರವಿಲ್ಲ, ಮಡಿಕೆಯಿಲ್ಲ. ನುಣುಪಾದ ಮೈಯ ಮೇಲೆ ಬೆಳಕು ಎಲ್ಲಿಯೂ ಮುರಿಯದೆ ಜಾರಿ, ಅಂಚಿನಲ್ಲಿ ಮೆಲ್ಲನೆ ನೆರಳಾಗುತ್ತದೆ. ಕಾಲಬಳಿಯ ಹುತ್ತಗಳೂ, ತೊಡೆಯನ್ನು ಬಳಸಿ ತೋಳಿನವರೆಗೆ ಹಬ್ಬಿದ ಮಾಧವಿಯ ಬಳ್ಳಿಯೂ ಮಾತ್ರ ಒರಟು. ಆ ಒಂದಿಷ್ಟು ಒರಟು ಇಲ್ಲದಿದ್ದರೆ ಉಳಿದ ಮೈಯ ನುಣುಪು ನಮಗೆ ನುಣುಪೆಂದು ತಿಳಿಯುತ್ತಿರಲಿಲ್ಲ. ಆ ಸಣ್ಣ ಎಲೆಗಳಿಲ್ಲದಿದ್ದರೆ ಮೂರ್ತಿಯ ಮಹತ್ತ್ವಕ್ಕೆ ಅಳತೆಗೋಲೂ ಇರುತ್ತಿರಲಿಲ್ಲ.

ಪ್ರಮಾಣದ ವಿಚಾರದಲ್ಲಿ ಗೊಮ್ಮಟನನ್ನು ಕುರಿತು ಆಕ್ಷೇಪಣೆಯುಂಟು. ಮೊಣಕಾಲಿನಿಂದ ಕೆಳಗಿನ ಭಾಗ ಮೇಲ್ಭಾಗಕ್ಕೆ ಹೋಲಿಸಿದರೆ ಗಿಡ್ಡವೆನ್ನುತ್ತಾರೆ. ಅಳೆದು ನೋಡಿದರೆ ಅದು ನಿಜ. ಆದರೆ ಪ್ರಮಾಣವೆಂದರೆ ಅಂಗಾಂಗಗಳ ಅಳತೆ ಶರೀರಶಾಸ್ತ್ರಕ್ಕೆ ಸರಿಹೋಗುವುದಷ್ಟೇ ಎಂದು ನಾನು ಒಪ್ಪಲಾರೆ. ಮೂರ್ತಿಯ ಭಾರವೆಲ್ಲ ಎದೆ ಭುಜಗಳಲ್ಲಿ ನೆರೆದು, ಕಾಲುಗಳು ಬಂಡೆಯೊಳಗಿಂದಲೇ ಎದ್ದ ಮರದ ಬೊಡ್ಡೆಯಂತೆ ಗಟ್ಟಿಯಾಗಿರುವುದರಿಂದಲೇ, ತೊಡೆಯಿಂದ ಮೇಲೆ ಬೆನ್ನಿಗೆ ಯಾವ ಆಸರೆಯೂ ಇಲ್ಲದೆ ಬಯಲಿನಲ್ಲಿ ನಿಂತ ಆ ಮೂರ್ತಿ ಬೀಳುವುದೆಂಬ ಶಂಕೆ ನೋಡುವವರಲ್ಲಿ ಹುಟ್ಟುವುದಿಲ್ಲ. ಎಡಬಲಗಳೆರಡೂ ಒಂದೇ ಸಮನಾದ ಇಂಥ ನಿಲುವು ಜಡವಾಗಿಬಿಡುವ ಅಪಾಯವಿದೆ. ತುಟಿಯ ಮೇಲಣ ಕಂಡೂ ಕಾಣದ ನಗೆ ಆ ಜಡತೆಯನ್ನು ಕಳೆದಿದೆ. ಅಷ್ಟು ದೊಡ್ಡ ಮೈಯಲ್ಲಿ ಶಿಲ್ಪಿಯು ಪ್ರಾಧಾನ್ಯವನ್ನು ಕೊಟ್ಟಿರುವುದು ಆ ಒಂದು ಅಂಗುಲದಷ್ಟು ಬಾಗಿಗೆ. ಬರಿದಾದ ಶಿಲೆಯೆಲ್ಲವೂ ಕಣ್ಣನ್ನು ಅಲ್ಲಿಗೇ ಕೊಂಡೊಯ್ಯುತ್ತದೆ.

ರೇಖೆ, ಲಯ, ಘನ, ಪ್ರಮಾಣಗಳ ಮಾತಾಯಿತು. ಉಳಿದುದು ವರ್ಣ. ಬಹುಜನಕ್ಕೆ ಚಿತ್ರವೆಂದೊಡನೆ ಮೊದಲು ನೆನಪಾಗುವುದು ಅದೇ. ನಾನು ಅದನ್ನು ಕಡೆಗೆ ಇಟ್ಟುಕೊಂಡಿರುವುದು ಬೇಕೆಂದೇ. ಚಿತ್ರಸೂತ್ರದಲ್ಲಿ ಆಚಾರ್ಯರು ಮೆಚ್ಚುವುದು ರೇಖೆಯನ್ನು, ವಿಚಕ್ಷಣರು ಮೆಚ್ಚುವುದು ಬೆಳಕುನೆರಳಿನ ವರ್ತನೆಯನ್ನು, ಸ್ತ್ರೀಯರು ಮೆಚ್ಚುವುದು ಭೂಷಣವನ್ನು, ಮಿಕ್ಕ ಜನ ಮೆಚ್ಚುವುದು ಬಣ್ಣದ ಸಮೃದ್ಧಿಯನ್ನು ಎಂಬ ಅಭಿಪ್ರಾಯವಿದೆ. ಸ್ತ್ರೀಯರನ್ನು ಭೂಷಣಕ್ಕೆ ಸೀಮಿತಗೊಳಿಸಿದ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ನಾಡಿನಲ್ಲಿ ರೇಖೆಯ ವಿದ್ಯೆಯನ್ನು ಪ್ರತಿದಿನವೂ ಬೆಳಗಿನಲ್ಲಿ ಅಭ್ಯಾಸಮಾಡಿ ಉಳಿಸಿಕೊಂಡು ಬಂದವರು ಅವರೇ. ಬಣ್ಣವನ್ನು ಕುರಿತ ಮಾತು ಮಾತ್ರ ದಿಟ. ಬಣ್ಣವು ಬೇಗನೆ ಒಲಿಸಿಕೊಳ್ಳುತ್ತದೆ, ಆದ್ದರಿಂದಲೇ ಬೇಗನೆ ಮೋಸವನ್ನೂ ಮಾಡುತ್ತದೆ. ಒಂದೇ ಕೆಂಪು ಹಸುರಿನ ಪಕ್ಕದಲ್ಲಿ ಉರಿಯುತ್ತದೆ, ಕಂದಿನ ಪಕ್ಕದಲ್ಲಿ ತಣಿಯುತ್ತದೆ. ಇಲ್ಲಿಯೂ ಸಂಬಂಧವೇ ಪ್ರಧಾನ.

ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಅಭ್ಯಾಸಮಾಡಿ ಬಂದ ಮೈಸೂರಿನ ಕೆ. ವೆಂಕಟಪ್ಪನವರು ಉದಕಮಂಡಲ, ಕೊಡೈಕನಾಲುಗಳ ಬೆಟ್ಟಗಳನ್ನು ಕುರಿತು ಬರೆದ ನೀರ್ಬಣ್ಣದ ಚಿತ್ರಗಳನ್ನು ಕಂಡವರು ಬಣ್ಣದ ಸಂಯಮವೆಂದರೇನೆಂಬುದನ್ನು ಬಲ್ಲರು. ಹತ್ತಿರದ ಇಳುಕಲು ಕಡುಗಪ್ಪು ಹಸುರು; ಅದರ ಹಿಂದಿನದು ಅದೇ ಹಸುರು ನೀಲಿಗೆ ತಿರುಗಿ ತೆಳುವಾದುದು; ಅದರಾಚೆಯದು ಮಂಜಿನಲ್ಲಿ ಕರಗಿ ಬರಿಯ ಕಾಗದದ ಬಿಳುಪಿಗೆ ಸೇರಿಹೋದುದು. ಮಂಜೆಂದು ಬೇರೆ ಬಣ್ಣವನ್ನು ಬಳಿದಂತೆ ತೋರುವುದೇ ಇಲ್ಲ. ಹತ್ತಿರ, ದೂರ, ಗಾಳಿಯ ತೇವ, ಹೊತ್ತಿನ ತಂಪು ಇವೆಲ್ಲ ಬಂದುದು ಬಣ್ಣವು ಹಂತಹಂತವಾಗಿ ಬಡವಾದುದರಿಂದ.

ಹೀಗೆ ಬಣ್ಣವು ಕಡೆಗೆ ಬರತಕ್ಕದ್ದೆಂಬುದನ್ನು ಸೋಮೇಶ್ವರನ ಗ್ರಂಥವು ಕೆಲಸದ ಕ್ರಮದಿಂದಲೇ ಸೂಚಿಸುತ್ತದೆ. ಮೊದಲು ಗೋಡೆಯನ್ನು ನುಣ್ಣಗೆ ಮಾಡಬೇಕು. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ಮಾಡಿದ ವಜ್ರಲೇಪವೆಂಬ ಅಂಟಿನೊಡನೆ ಬಿಳಿಯ ಮಣ್ಣನ್ನು ಕಲಸಿ ಲೇಪಿಸಬೇಕು. ಆಮೇಲೆ ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಮಿದಿದು ಮಾಡಿದ ಬತ್ತಿಯಿಂದ ಆಕಾರವನ್ನು ಗೆರೆಯಲ್ಲಿ ನಿಶ್ಚಯಿಸಬೇಕು. ಕರುವಿನ ಕಿವಿಯ ಕೂದಲಿನ ಕುಂಚ, ಬಣ್ಣ, ಛಾಯೆ ಎಲ್ಲವೂ ಅನಂತರದವು. ನಮ್ಮ ಶಾಲೆಗಳಲ್ಲಿ ಇಂದು ಎಷ್ಟೋ ಕಡೆ ಚಿತ್ರಪಾಠವು ಬಣ್ಣದ ಪೆಟ್ಟಿಗೆಯಿಂದ ಪ್ರಾರಂಭವಾಗುತ್ತದೆ. ಮಗು ಅಚ್ಚಿನ ಪುಸ್ತಕದಲ್ಲಿ ಬೇರೊಬ್ಬರು ಎಳೆದ ಗೆರೆಯೊಳಗೆ ಬಣ್ಣ ತುಂಬುತ್ತ ಕುಳಿತಿರುತ್ತದೆ. ಅಧ್ಯಾಪಕ ಮಹಾಶಯರಲ್ಲಿ ನನ್ನ ಪ್ರಾರ್ಥನೆಯಿಷ್ಟೆ. ಮೊದಲ ವರ್ಷವೆಲ್ಲ ಮಗುವಿನ ಕೈಗೆ ಇದ್ದಿಲನ್ನೋ ಬಳಪವನ್ನೋ ಕೊಡಿ. ಕೊಡ, ಎಲೆ, ಎತ್ತಿನ ಬೆನ್ನು, ಮನೆಯ ಮೂಲೆ, ಏನನ್ನಾದರೂ ಎದುರಿಗಿಟ್ಟು ನೋಡಿ ಬರೆಯಲಿ. ಹಾಳೆಯಲ್ಲಿ ಕೊಡವನ್ನು ಎಲ್ಲಿ ಇಡಬೇಕು, ಸುತ್ತ ಎಷ್ಟು ಬರಿದು ಬಿಡಬೇಕು ಎಂಬುದನ್ನು ತಾವು ತೋರಿಸದೆ ಮಗುವೇ ನಿರ್ಧರಿಸಲಿ. ಒಂದೇ ಕೊಡವನ್ನು ನಾಲ್ಕು ಬಾರಿ ನಾಲ್ಕೆಡೆಗಳಲ್ಲಿ ಇಟ್ಟು ಬರೆದು, ಯಾವುದು ತನಗೆ ಹಿಡಿಸಿತೆಂಬುದನ್ನೂ ಅದೇ ಹೇಳಲಿ. ಬಣ್ಣದ ಪೆಟ್ಟಿಗೆಯನ್ನು ಎರಡನೆಯ ವರ್ಷ ತೆರೆಯಬಹುದು.